ತೊಗರಿಯ ಗೊಡ್ಡು ರೋಗ: ಒಂದು ವೈರಸ್ಸಿನ ಅಕ್ಷರ ಓದಿದ ಕಥೆ

(ವಿಜ್ಞಾನ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವವರಿಗೆ ವೈರಸ್ಸಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಇದೂ ಅಕ್ಷರಗಳ ವಿಷಯವೇ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಸೂಪರ್ ಮಾರ್ಕೆಟ್‌ಗೆ ಹೋದರೆ ಕಮಲಾಪುರದ ಕೆಂಪು ಬಾಳೆ ಕಣ್ಣು ಸೆಳೆಯುತ್ತದೆ, ತೊಗರಿ ಬೇಳೆಯ ದರ ಎದೆ ನಡುಗಿಸುತ್ತದೆ. ನಮ್ಮ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಅದನ್ನು ಬೆಳೆಯುವವನ ಪಾಡು? ಹೂ ಬಿಡುವ ಕಾಲದಲ್ಲಿ ಕಮಲಾಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ಹೊಲಗಳನ್ನು ಗಮನಿಸಿ. ಸುತ್ತಲಿನ ಗಿಡಗಳೆಲ್ಲ ಹಳದಿ ಹೂ ಹೊತ್ತಿರುವಾಗ ಒಂದೆರಡು ಗಿಡ ಮಾತ್ರ ತಿಳಿ ಹಸಿರಾಗಿ, ಸಣ್ಣ ಎಲೆಗಳ ಪೊದೆಯಾಗಿ ನಿಂತಿದ್ದರೆ ಅದೇ ಗೊಡ್ಡು ರೋಗ. ಗಿಡ ಸಾಯುವುದಿಲ್ಲ, ಹೂವೂ ಬಿಡುವುದಿಲ್ಲ.

‘ಗೊಡ್ಡು’, ‘ಬಂಜೆ’ ಎಂಬ ಮಾತನ್ನು ನಾವು ಹೆಣ್ಣುಮಕ್ಕಳ ಮೇಲೂ ಎಸೆಯುತ್ತೇವೆ, ಕಾರಣ ಕೇಳುವ ಮೊದಲೇ. ಇಲ್ಲಿ ತಪ್ಪು ಗಿಡದ್ದಲ್ಲ. ಕಾರಣ ಕಂಡುಹಿಡಿಯಲು ಮಾತ್ರ ಹೆಚ್ಚುಕಡಿಮೆ 70 ವರ್ಷ ಬೇಕಾಯಿತು. 1931ರಲ್ಲಿ ಬಿಹಾರದ ಪೂಸಾದಿಂದ ಈ ರೋಗದ ಮೊದಲ ವರದಿ ಬಂತು. ಬರಿಗಣ್ಣಿಗೆ ಕಾಣದ, ಗಾಳಿಯಲ್ಲಿ ತೇಲಿ ಬರುವ ನುಸಿಯೊಂದು ಇದನ್ನು ಹರಡುತ್ತದೆ ಎಂದು ಆಮೇಲೆ ತಿಳಿಯಿತು. ಆದರೆ ನುಸಿ ಹೊತ್ತು ತರುವುದು ಏನನ್ನು? ಗಿಡದ ರಸದಿಂದ ಬೇರ್ಪಡಿಸಲು ಹೋದರೆ ಆ ವಸ್ತು ಉಳಿಯುತ್ತಲೇ ಇರಲಿಲ್ಲ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ 2000ದ ಆಸುಪಾಸಿನಲ್ಲಿ ಅದು ವೈರಸ್ ಎಂದು ತೋರಿಸಿದರು.

ಅದರ ಪೂರ್ಣ ಬರಹವನ್ನು ಓದಿದ್ದು 2014ರಲ್ಲಿ. ಇಟಲಿಯ ಬಾರಿ ನಗರದ ಸಂಶೋಧಕರೂ ಇಕ್ರಿಸ್ಯಾಟ್‌ನವರೂ ಕೂಡಿ ಮಾಡಿದ ಕೆಲಸ ಅದು. ಈ ವೈರಸ್ಸಿನ ಬರಹ ಒಂದೇ ಹಾಳೆಯಲ್ಲಿಲ್ಲ, ಐದು ಆರ್‌ಎನ್‌ಎ ತುಣುಕುಗಳಲ್ಲಿದೆ. ದೊಡ್ಡ ತುಣುಕಿನಲ್ಲಿ ಸುಮಾರು 7 ಸಾವಿರ ಅಕ್ಷರ. ವರ್ಣಮಾಲೆಯಲ್ಲಿರುವುದು ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರ. ಓದುವುದು ಹೇಗೆ? ರೋಗದ ಎಲೆಯನ್ನು ಅರೆದು ಆರ್‌ಎನ್‌ಎ ತೆಗೆಯುತ್ತಾರೆ. ಅದು ಬಹಳ ನಾಜೂಕು, ಆದ್ದರಿಂದ ಒಂದು ಕಿಣ್ವದ ಸಹಾಯದಿಂದ ಡಿಎನ್‌ಎಗೆ ನಕಲು ಮಾಡಿಕೊಳ್ಳುತ್ತಾರೆ. ಚೂರುಚೂರಾಗಿ ಓದಿ, ಒಂದು ಚೂರಿನ ಕೊನೆ ಇನ್ನೊಂದರ ಆರಂಭಕ್ಕೆ ಹೊಂದುವ ಕಡೆ ಜೋಡಿಸುತ್ತಾರೆ. ಹರಿದ ಉತ್ತರಪತ್ರಿಕೆಯನ್ನು ನಾವು ಸಾಲು ನೋಡಿ ಕೂಡಿಸುವುದಿಲ್ಲವೇ, ಹಾಗೆ. ಈ ಕುಲದ ವೈರಸ್‌ಗಳಲ್ಲಿ ಪ್ರತಿ ತುಣುಕಿನ ತುದಿಯಲ್ಲೂ ಅವೇ 13 ಅಕ್ಷರಗಳಿರುತ್ತವೆ. ಒಂದೇ ಪುಸ್ತಕದ ಹಾಳೆಗಳಿವು ಎಂದು ಹೇಳುವ ಮುದ್ರೆಯಂತೆ!

ಒಂದೊಂದು ಅಕ್ಷರಕ್ಕೂ ಇಷ್ಟು ಜತನ ಏಕೆ? ಉರ್ದು ಓದುವ ಮಕ್ಕಳಿಗೆ ಹೇಳಬೇಕಿಲ್ಲ. ‘ಮಹ್ರಮ್’ ಎಂದರೆ ಆಪ್ತ. ಒಂದು ನುಖ್ತೆ ಬಿದ್ದರೆ ‘ಮುಜ್ರಿಮ್’, ಅಪರಾಧಿ. ಪಟಾನ್‌ಚೆರುವಿನಲ್ಲಿ ರೋಗ ತಡೆದುಕೊಂಡ ಎಷ್ಟೋ ತಳಿಗಳು ಬೆಂಗಳೂರಿನಲ್ಲಿ ರೋಗಕ್ಕೆ ತುತ್ತಾದವು. ವೈರಸ್ಸಿನಲ್ಲೇ ಬಗೆಗಳಿವೆ ಎಂಬ ಗುಮಾನಿ ಮೊದಲೇ ಇತ್ತು. 2015ರಲ್ಲಿ ಆರು ತುಣುಕಿನ ಎರಡನೆಯ ವೈರಸ್ಸಿನ ಬರಹವೂ ಹೊರಬಂತು. ಈಗ ಎಲೆಯೊಂದನ್ನು ಪಿಸಿಆರ್ ಪರೀಕ್ಷೆಗೆ ಕೊಟ್ಟರೆ ಯಾವುದು ಬಂದಿದೆ ಎಂದು ಹೇಳಬಹುದು, ತಳಿ ಬೆಳೆಸುವವರು ಎರಡನ್ನೂ ಎದುರಿಟ್ಟು ಪರೀಕ್ಷಿಸಬಹುದು.

ನಮ್ಮ ಭಾಗಕ್ಕೆ ಇದು ದೂರದ ಮಾತಲ್ಲ. ಇಲ್ಲಿ ಮನೆಮಾತಾದ ಮಾರುತಿ ತಳಿ ನೆಟೆ ರೋಗವನ್ನು ತಡೆಯುವುದಕ್ಕೆಂದೇ ಬಂದದ್ದು, ಗೊಡ್ಡು ರೋಗಕ್ಕೆ ಮಾತ್ರ ಸುಲಭವಾಗಿ ಬಲಿಯಾಗುತ್ತದೆ. ಆಶಾ ತಳಿ ಎರಡನ್ನೂ ತಡೆಯುವಂತೆ ಬೆಳೆಸಿದ್ದು. ಬೀಜ ಕೊಳ್ಳುವಾಗ ಮನೆಯಲ್ಲಿ ಓದಿದವರು ನೀವೇ ಆಗಿದ್ದರೆ ಚೀಲದ ಮೇಲಿನ ಹೆಸರನ್ನು ಓದಿ ಹೇಳಿ.

ಇನ್ನೊಂದು ಮಾತು. ಈ ರೋಗ ಬೀಜದಿಂದ ಬರುವುದಿಲ್ಲ. ಕೊಯ್ಲಾದ ಮೇಲೆ ಬದುವಿನಲ್ಲೋ ಹಿತ್ತಲಲ್ಲೋ ಉಳಿದು ಚಿಗುರುವ ಹಳೆಯ ತೊಗರಿ ಗಿಡದಲ್ಲಿ ನುಸಿಯೂ ವೈರಸ್ಸೂ ಬೇಸಿಗೆ ಕಳೆಯುತ್ತವೆ. ಊರಿಗೆ ಹೋದಾಗ ಅಂಥ ಗಿಡ ಕಂಡರೆ ಮಳೆಗಾಲಕ್ಕೆ ಮೊದಲೇ ಕಿತ್ತು ಹಾಕಲು ಹಿರಿಯರಿಗೆ ಹೇಳಿ. ಹೊಸ ಬೆಳೆಯಲ್ಲಿ ಮೊದಲ ಗೊಡ್ಡು ಗಿಡ ಕಂಡ ದಿನವೇ ಅದನ್ನೂ ಕೀಳಬೇಕು.