ಹೃದಯವೂ ನೆರೆಹೊರೆಯೂ

ಭಯವಾದಾಗ ಅಡ್ರಿನಲಿನ್ ಎಂಬ ರಸವು ರಕ್ತಕ್ಕಿಳಿದು ಎದೆಬಡಿತವನ್ನು ತ್ವರೆಗೊಳಿಸುತ್ತದೆ; ಭಯ ಕಳೆದರೆ ಅದೂ ಶಮಿಸುತ್ತದೆ. ಆದರೆ ಚಿಂತೆಯೇ ನಿತ್ಯವಾದರೆ ಹೃದಯಕ್ಕೆ ವಿಶ್ರಾಂತಿಯೆಲ್ಲಿ?

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ರೊಸೆಟೊ ಎಂಬ ಸಣ್ಣ ಊರುಂಟು. ಇಟಲಿಯಿಂದ ವಲಸೆ ಹೋದವರು ಕಟ್ಟಿದುದು. 1960ರ ದಶಕದಲ್ಲಿ ಡಾಕ್ಟರ್ ಸ್ಟೂವರ್ಟ್ ವುಲ್ಫ್ ಮೊದಲಾದವರು ಪರಿಶೀಲಿಸಿದಾಗ, ಅಲ್ಲಿ ಹೃದಯಾಘಾತದ ಮರಣಗಳು ನೆರೆಯ ಬ್ಯಾಂಗರಿಗಿಂತ ಬಹಳ ಕಡಿಮೆಯಾಗಿದ್ದುವು. ಆ ಜನ ಕೊಬ್ಬನ್ನು ಬಿಟ್ಟವರಲ್ಲ, ಹೊಗೆಸೊಪ್ಪನ್ನು ತೊರೆದವರೂ ಅಲ್ಲ. ಆದರೆ ಮೂರು ತಲೆಮಾರು ಒಂದೇ ಸೂರಿನಡಿ ಬಾಳುತ್ತಿದ್ದುವು. ಒಬ್ಬನ ಕಷ್ಟಕ್ಕೆ ಊರೇ ಹೆಗಲು ಕೊಡುತ್ತಿದ್ದಿತು. ಮುಂದೆ ಆ ಬಾಂಧವ್ಯ ಸಡಿಲವಾದಂತೆ ಅಲ್ಲಿಯ ಹೃದ್ರೋಗವೂ ನೆರೆಯೂರಿನ ಮಟ್ಟಕ್ಕೇರಿತು.

ಇದೊಂದೇ ಕಾರಣವೆಂದು ನಾವು ಸಾಧಿಸಲಾರೆವು. ಧ್ಯಾನವೂ ನಾಡಿಯನ್ನು ನಿಧಾನಗೊಳಿಸಬಲ್ಲುದು. ಧ್ಯಾನಕ್ಕೆ ಬಾಗಿಲನ್ನು ಮುಚ್ಚಿಕೊಳ್ಳೋಣ. ಅದು ಮುಗಿದ ಮೇಲೆ ನೆರೆಯವರಿಗಾಗಿ ತೆರೆಯುವುದನ್ನು ಮರೆಯದಿರೋಣ.