ಎರಡು ಚಿತ್ರಗಳು

ಕಳೆದ ತಿಂಗಳು ಒಂದೇ ವಾರದೊಳಗೆ ನಾನು ಎರಡು ಚಲಚ್ಚಿತ್ರಗಳನ್ನು ನೋಡಿದೆನು. ಮೊದಲನೆಯದಕ್ಕೆ ಹೋದದ್ದು ಸ್ನೇಹಿತರೊಬ್ಬರ ದಾಕ್ಷಿಣ್ಯಕ್ಕೆ. ಎರಡನೆಯದನ್ನು ನಾನೇ ಆಸೆಪಟ್ಟು ಮನೆಗೆ ತರಿಸಿ ನೋಡಿದೆನು. ದಾಕ್ಷಿಣ್ಯದ ಚಿತ್ರ ಆ ರಾತ್ರಿ ನನ್ನ ನಿದ್ದೆಯನ್ನು ಕೆಡಿಸಿತು. ಆಸೆಯ ಚಿತ್ರ ನಡುವೆಯೇ ಆಕಳಿಕೆ ತರಿಸಿತು. ನಾನು ಚಿತ್ರವಿಮರ್ಶಕನಲ್ಲ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವನು. ಆದಕಾರಣ ಮುಂದಿನ ಮಾತುಗಳನ್ನು ತೀರ್ಪೆಂದು ಎಣಿಸದೆ ಒಬ್ಬ ಪ್ರೇಕ್ಷಕನ ಅರಿಕೆಯೆಂದು ತಾವು ಭಾವಿಸಬೇಕು.

ಮೊದಲನೆಯದು 1929ರಲ್ಲಿ ಸೋವಿಯತ್ ದೇಶದಲ್ಲಿ ತಯಾರಾದ ಮೂಕಚಿತ್ರ, ‘ಮ್ಯಾನ್ ವಿತ್ ಎ ಮೂವೀ ಕ್ಯಾಮೆರಾ’. ಮಾಡಿದವನು ಜೀಗಾ ವೆರ್ಟೊವ್. ಇದರಲ್ಲಿ ಕಥೆಯಿಲ್ಲ, ನಟರಿಲ್ಲ, ಕಟ್ಟಿಸಿದ ರಂಗಸಜ್ಜಿಕೆಯಿಲ್ಲ. ಮೂಕಚಿತ್ರಗಳಲ್ಲಿ ನಡುನಡುವೆ ಬರುವ ಬರಹದ ಫಲಕಗಳೂ ಇಲ್ಲ. ಇವೊಂದೂ ಇರುವುದಿಲ್ಲವೆಂದು ಆರಂಭದಲ್ಲಿಯೇ ಎಚ್ಚರಿಕೆ ಕೊಟ್ಟುಬಿಡುತ್ತಾನೆ. ಇಪ್ಪತ್ತು ವರ್ಷಗಳಿಂದ ಹುಡುಗರಿಗೆ ‘ಕಥಾವಸ್ತುವೇ ನಾಟಕದ ಪ್ರಾಣ’ ಎಂದು ಅರಿಸ್ಟಾಟಲನ ಹೆಸರಿನಲ್ಲಿ ಹೇಳುತ್ತ ಬಂದವನಿಗೆ ಇದು ಬೇಕಾಗಿಯೇ ಕಾಲು ಕೆರೆದಂತೆ ಕಂಡಿತು. ಕೈಕಟ್ಟಿಕೊಂಡು, ನೋಡೋಣ ಎಂದು ಕುಳಿತೆನು.

ತೆರೆಯ ಮೇಲೆ ಒಂದು ಖಾಲಿ ನಾಟಕಶಾಲೆ. ಅಲ್ಲಿನ ಮಡಿಚಿಟ್ಟ ಕುರ್ಚಿಗಳು ತಾವಾಗಿಯೇ ಬಿಚ್ಚಿಕೊಂಡು ಜನರನ್ನು ಬರಮಾಡಿಕೊಳ್ಳುತ್ತವೆ. ಬಳಿಕ ಒಂದು ಪಟ್ಟಣ ನಿದ್ದೆಯಿಂದೇಳುತ್ತದೆ, ದುಡಿಯುತ್ತದೆ, ಆಡುತ್ತದೆ. ಅದು ವಾಸ್ತವವಾಗಿ ಒಂದು ಪಟ್ಟಣವಲ್ಲ. ಕೀವ್, ಖಾರ್ಕೋವ್, ಒಡೆಸ್ಸಾ, ಮಾಸ್ಕೋಗಳಲ್ಲಿ ಹಿಡಿದ ದೃಶ್ಯಗಳನ್ನು ಹೆಣೆದು ಕಟ್ಟಿದ, ಯಾವ ಭೂಪಟದಲ್ಲಿಯೂ ಇಲ್ಲದ ಪಟ್ಟಣ. ಅದರ ಬೀದಿಗಳಲ್ಲಿ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ಒಬ್ಬನು ಅಲೆಯುತ್ತಾನೆ. ಕಾರ್ಖಾನೆಯ ಚಿಮಣಿಯನ್ನು ಹತ್ತುತ್ತಾನೆ. ಅವನು ವೆರ್ಟೊವನ ತಮ್ಮ ಮಿಖಾಯಿಲ್ ಕೌಫ್‌ಮನ್. ಒಂದು ಕಚೇರಿಯ ಮೇಜಿನ ಮುಂದೆ ಒಂದು ಜೋಡಿ ಮದುವೆಯನ್ನು ದಾಖಲು ಮಾಡಿಸುತ್ತದೆ, ಇನ್ನೊಂದು ಜೋಡಿ ವಿಚ್ಛೇದನವನ್ನು. ಆ ಎರಡನೆಯ ಹೆಂಗಸು ಕೈಚೀಲದಿಂದ ಮುಖವನ್ನು ಮರೆಮಾಡಿಕೊಳ್ಳುತ್ತಾಳೆ. ನಾಟಕದ ಮಾತಿನಲ್ಲಿ ಹೇಳಬೇಕಾದರೆ ಇದಕ್ಕೆ ಒಂದು ಅಂಕವೇ ಬೇಕಾಗುತ್ತಿತ್ತು.

ಮೊದಲ ಇಪ್ಪತ್ತು ನಿಮಿಷ ನನಗೆ ತಲೆಸುತ್ತು ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಯಂತ್ರದ ಚಕ್ರಗಳನ್ನು ನೋಡಿ ವೆರ್ಟೊವನಿಗೆ ಉಂಟಾಗುವ ಭಕ್ತಿ ನನಗೆ ಈಗಲೂ ಉಂಟಾಗುವುದಿಲ್ಲ. ಇದೆಲ್ಲ ಕ್ಯಾಮೆರಾದ ತುಂಟಾಟವೆಂದು ಅವನ ಕಾಲದ ಐಸೆನ್‌ಸ್ಟೈನನೇ ಹಳಿದನಂತೆ. ಆ ಹಳಿವಿಗೆ ತಲೆದೂಗುತ್ತ ನಾನು ಗಡಿಯಾರವನ್ನು ನೋಡಿಕೊಳ್ಳುತ್ತಿದ್ದೆನು. ಅಷ್ಟರಲ್ಲಿ ಓಡುತ್ತಿದ್ದ ಕುದುರೆಯೊಂದು ಥಟ್ಟನೆ ನಿಂತುಹೋಯಿತು. ಕುದುರೆ ನಿಂತದ್ದಲ್ಲ, ಚಿತ್ರವೇ ನಿಂತದ್ದು. ಬಳಿಕ ಹೆಂಗಸರ, ಮಕ್ಕಳ ನಿಶ್ಚಲವಾದ ಮುಖಗಳು. ಆಮೇಲೆ ಒಬ್ಬ ಹೆಂಗಸು ಮೇಜಿನ ಮುಂದೆ ಕುಳಿತು ಫಿಲ್ಮಿನ ಸುರುಳಿಗಳನ್ನು ಬೆಳಕಿಗೆ ಹಿಡಿಯುತ್ತಾಳೆ, ಕತ್ತರಿಸುತ್ತಾಳೆ, ಅಂಟಿಸುತ್ತಾಳೆ. ಆಕೆ ವೆರ್ಟೊವನ ಹೆಂಡತಿ ಎಲಿಜವೆಟಾ ಸ್ವಿಲೋವಾ. ಆಕೆಯ ಕೈಯಲ್ಲಿ ಅಂಗೈಯಗಲದ ಸೆಲ್ಯುಲಾಯ್ಡ್ ಚೂರಾಗಿದ್ದ ಮಗುವಿನ ಮುಖ ಮರುಕ್ಷಣ ತೆರೆಯ ತುಂಬ ಅರಳಿ ನಗುತ್ತದೆ.

ನಾನು ಕೈಕಟ್ಟು ಬಿಚ್ಚಿ ಮುಂದಕ್ಕೆ ಬಾಗಿದ್ದು ಆಗ. ಆ ನಗು ಮನಸ್ಸನ್ನು ಕಲಕಿತು. ಅಂದು ಉಕ್ರೇನಿನ ಬೀದಿಯಲ್ಲಿ ನಗುತ್ತಿದ್ದ ಮಗುವಿನ ಮುಂದೆ 1932-33ರ ಘೋರ ಕ್ಷಾಮವಿತ್ತು. ಅದನ್ನು ದಾಟಿದರೆ 1941ರ ಯುದ್ಧವಿತ್ತು. ಇದು ಮಗುವಿಗೂ ಗೊತ್ತಿಲ್ಲ, ಕತ್ತರಿ ಹಿಡಿದ ಹೆಂಗಸಿಗೂ ಗೊತ್ತಿಲ್ಲ; ನೋಡುವ ನಮಗೆ ಮಾತ್ರ ಗೊತ್ತು. 2022ರಿಂದೀಚೆಗೆ ಅವೇ ಊರುಗಳ ಹೆಸರನ್ನು ಯುದ್ಧದ ಸುದ್ದಿಯಲ್ಲಿ ಓದಿದವರಿಗೆ ಆ ಬೀದಿಗಳನ್ನು ನಿರಾಳವಾಗಿ ನೋಡಲು ಸಾಧ್ಯವಾಗದು. ಕಥೆಯಿಲ್ಲವೆಂದು ದೂರುತ್ತಿದ್ದ ನಾನು ಕಥೆಯನ್ನು ನನ್ನ ಕಡೆಯಿಂದಲೇ ತುಂಬುತ್ತಿದ್ದೆನು. ಅರಿಸ್ಟಾಟಲನು ಇದಕ್ಕೆ ಏನು ಹೇಳುತ್ತಿದ್ದನೋ!

ಇನ್ನು ಎರಡನೆಯ ಚಿತ್ರ. ಅದರ ವಿಷಯ ಹೇಳುವಾಗ ನನ್ನ ತಂದೆಯವರನ್ನು ನೆನೆಯದೆ ತೀರದು. ಅವರು ನಗುವವರಲ್ಲ. ಲೆಕ್ಕದ ಪುಸ್ತಕ, ಸಂಧ್ಯಾವಂದನೆ, ಮಿತವಾದ ಊಟ, ಇಷ್ಟರಲ್ಲಿ ಅವರ ಬಾಳು ಮುಗಿಯಿತು. ನಾನು ಎಂಟು ವರ್ಷದವನಾಗಿದ್ದಾಗ ಒಮ್ಮೆ, ಏನು ತೋರಿತೋ, ಚಾಪ್ಲಿನ್ನನ ‘ಗೋಲ್ಡ್ ರಷ್’ ಚಿತ್ರಕ್ಕೆ ನನ್ನನ್ನು ಕರೆದುಕೊಂಡು ಹೋದರು. ಹಸಿದ ಆ ಬಡಪಾಯಿ ತನ್ನ ಬೂಟನ್ನು ಬೇಯಿಸಿ, ದಾರವನ್ನು ಶಾವಿಗೆಯಂತೆ ಸುತ್ತಿ ತಿನ್ನುವಾಗ ತಂದೆಯವರು ಉತ್ತರೀಯದಿಂದ ಕಣ್ಣೊರಸಿಕೊಳ್ಳುತ್ತ ನಕ್ಕರು. ಅಂದಿನಿಂದ ಚಾಪ್ಲಿನ್ನನೆಂದರೆ ನಮ್ಮ ಮನೆಯ ಹಿರಿಯನೆಂಬ ಭಾವ ನನಗೆ.

ಆದಕಾರಣ ಅವನ ಕೊನೆಯ ಚಿತ್ರವನ್ನು, 1967ರ ‘ಎ ಕೌಂಟೆಸ್ ಫ್ರಮ್ ಹಾಂಗ್‌ಕಾಂಗ್’ ಅನ್ನು, ಹನ್ನೆರಡು ವರ್ಷದ ಮಗಳೊಡನೆ ಕುಳಿತು ನೋಡಿದೆನು. ಗೆಲ್ಲಲು ಏನು ಕಡಮೆಯಿತ್ತು? ಮಾರ್ಲನ್ ಬ್ರಾಂಡೊ ಇದ್ದಾನೆ, ಸೋಫಿಯಾ ಲೊರೆನ್ ಇದ್ದಾಳೆ, ಬಣ್ಣವಿದೆ, ಸಂಗೀತವೂ ಚಾಪ್ಲಿನ್ನನದೇ. ನಿರ್ಗತಿಕಳಾದ ರಷ್ಯನ್ ಕುಲೀನೆಯೊಬ್ಬಳು ಒಬ್ಬ ಅಮೆರಿಕನ್ ರಾಜತಂತ್ರಜ್ಞನ ಹಡಗಿನ ಕೋಣೆಯಲ್ಲಿ ಅಡಗಿಕೊಂಡು ಪ್ರಯಾಣ ಮಾಡುತ್ತಾಳೆ. ಬಾಗಿಲ ಗಂಟೆ ಬಾರಿಸುತ್ತದೆ, ಇಬ್ಬರೂ ಗಾಬರಿಯಿಂದ ಓಡಾಡುತ್ತಾರೆ, ಆಕೆ ಅಡಗುತ್ತಾಳೆ. ಮತ್ತೆ ಗಂಟೆ, ಮತ್ತೆ ಓಟ. ಮೊದಲ ಸಲ ನಕ್ಕೆವು, ಎರಡನೆಯ ಸಲ ಮುಗುಳ್ನಕ್ಕೆವು. ಆಮೇಲೆ ಮಗಳು ಬಹು ಮರ್ಯಾದೆಯಿಂದ, “ಅಣ್ಣ, ಇನ್ನೂ ಎಷ್ಟು ಸಲ ಗಂಟೆ ಹೊಡೆಯುತ್ತದೆ?” ಎಂದು ಕೇಳಿದಳು. ಬ್ರಾಂಡೊ ಮಹಾನಟ, ಸಂದೇಹವಿಲ್ಲ. ಆದರೆ ಈ ಓಟಗಳಲ್ಲಿ ಅವನು ಯಾರದೋ ಅಂಗಿಯನ್ನು ತೊಟ್ಟವನಂತೆ ಕಾಣುತ್ತಾನೆ. ವೆರ್ಟೊವನ ಇನ್ನೊಬ್ಬ ತಮ್ಮ ಬೋರಿಸ್ ಕೌಫ್‌ಮನ್ 1954ರ ‘ಆನ್ ದಿ ವಾಟರ್‌ಫ್ರಂಟ್’ ಚಿತ್ರದಲ್ಲಿ ಇದೇ ಬ್ರಾಂಡೊನ ಮುಖವನ್ನು ಹಿಡಿದ ಬಗೆ ನೆನಪಾಗಿ ನಿಟ್ಟುಸಿರು ಬಂದಿತು.

ಚಾಪ್ಲಿನ್ನನಿಗೆ ಹೊಸತನ್ನು ಕಾಣುವ ಕಣ್ಣಿರಲಿಲ್ಲವೆಂದು ಹೇಳುವಂತಿಲ್ಲ. 1931ರಲ್ಲಿ ಲಂಡನ್ನಿನಲ್ಲಿ ವೆರ್ಟೊವನ ವಾಕ್ಚಿತ್ರ ‘ಎನ್‌ಥೂಸಿಯಾಸಂ’ ಅನ್ನು ನೋಡಿ, ಯಂತ್ರಗಳ ಸದ್ದನ್ನು ಸಂಗೀತವಾಗಿಸಿದ್ದಾನೆಂದು ಮುಕ್ತಕಂಠದಿಂದ ಹೊಗಳಿದವನು ಅವನೇ. ಆದರೆ ಹಾಂಗ್‌ಕಾಂಗಿನ ಈ ಕಥೆಯನ್ನು ಅವನು ಹೊಸೆದದ್ದು 1930ರ ದಶಕದಲ್ಲಿ, ಪಾಲೆಟ್ ಗಾಡರ್ಡಳಿಗೆಂದು. ಮೂವತ್ತು ವರ್ಷ ಅದು ಪೆಟ್ಟಿಗೆಯಲ್ಲಿತ್ತು. ಹೊರಗೆ ತೆಗೆದಾಗ ಅವನಿಗೆ ಎಪ್ಪತ್ತೇಳು ವರ್ಷ.

ಈ ಸಂಗತಿ ನನಗೆ ಚುಚ್ಚಿತು. ನನ್ನ ಬಳಿಯೂ ಒಂದು ಪೆಟ್ಟಿಗೆಯಿದೆ. ಷೇಕ್ಸ್‌ಪಿಯರನ ಹಾಸ್ಯನಾಟಕಗಳ ಮೇಲಿನ ನನ್ನ ಟಿಪ್ಪಣಿಗಳು ಅದರಲ್ಲಿವೆ, ಕಾಗದ ಹಳದಿಯಾಗಿದೆ. ಯಾವ ಪುಟದಲ್ಲಿ ಹುಡುಗರು ನಗುತ್ತಾರೆಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ಈಚೆಗೆ ಆ ಗುರುತಿನ ಬಳಿ ನಾನು ನಿಲ್ಲುತ್ತೇನೆ, ಅವರು ನನ್ನ ಮುಖ ನೋಡಿ ದಯೆಯಿಂದ ನಗುತ್ತಾರೆ. ಗಂಟೆ ಹೊಡೆಯಿತು, ಓಡಬೇಕು ಎಂಬಂತೆ.

ಆದರೂ ಒಂದು ಮಾತನ್ನು ಹೇಳದಿದ್ದರೆ ಆ ಚಿತ್ರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಹಡಗು ತೂಗಾಡುವಾಗ ಒಬ್ಬ ಮುದುಕ ಪರಿಚಾರಕನು ಕಾಣಿಸಿಕೊಳ್ಳುತ್ತಾನೆ. ತಲೆಯೆಲ್ಲ ಬೆಳ್ಳಗೆ. ಸಮುದ್ರದ ಓಕರಿಕೆಯನ್ನು ತಡೆದುಕೊಳ್ಳಲು ಹೆಣಗಾಡಿ, ಸೋತು, ಹೊರಟುಹೋಗುತ್ತಾನೆ. ನಿಮಿಷ ಮಾತ್ರದ ಪಾತ್ರ. ಅಲ್ಲಿಯವರೆಗೆ ದಿಂಬಿಗೊರಗಿದ್ದ ಮಗಳು ಎದ್ದು ಕುಳಿತು, ಮರ್ಯಾದೆ ಗಿರ್ಯಾದೆ ಎಲ್ಲವನ್ನೂ ಮರೆತು ನಕ್ಕುಬಿಟ್ಟಳು. “ಯಾರಣ್ಣ ಆ ತಾತ?” ಎಂದಳು.

“ಅವನೇ” ಎಂದೆನು. ಅವಳಿಗೆ ಅರ್ಥವಾಗಲಿಲ್ಲ. ಬೂಟು ತಿಂದ ಕಥೆಯನ್ನು ಹೇಳಿದೆನು. ತಾತ ನಕ್ಕದ್ದನ್ನೂ ಹೇಳಿದೆನು. ಅದನ್ನು ಅವಳು ನಂಬಲಿಲ್ಲ; ಅವಳು ಬಲ್ಲದ್ದು ಗೋಡೆಯ ಪಟದಲ್ಲಿರುವ ಗಂಭೀರ ಮುಖವೊಂದನ್ನೇ. ಬರುವ ಭಾನುವಾರ ‘ಗೋಲ್ಡ್ ರಷ್’ ತೋರಿಸುವುದಾಗಿ ಮಾತು ಕೊಟ್ಟಿದ್ದೇನೆ. ಅವಳು ನಗುತ್ತಾಳೆಯೋ ಇಲ್ಲವೋ ಎಂದು ಈಗಿನಿಂದಲೇ ನನಗೆ ಸ್ವಲ್ಪ ಭಯವಾಗಿದೆ.