ಊರು ತೋರಿಸುವುದು, ದಾರಿ ತೋರಿಸುವುದು

(ಸೇವಾಸಂಘವೊಂದರ ವಿದ್ಯಾರ್ಥಿಕೂಟದಲ್ಲಿ ಮಾಡಿದ ಭಾಷಣ)



ಸೇವಾಸಂಘಗಳು ವಿದ್ಯಾರ್ಥಿಗಳಿಗಾಗಿ ಮಾಡತಕ್ಕ ಕೆಲಸವೇನು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ನಾನು ದೊಡ್ಡ ವಾಗ್ಮಿಯಲ್ಲ. ಗಡಿನಾಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಉಪಾಧ್ಯಾಯ. ಪಾಠ ಹೇಳುವಾಗ ಮಕ್ಕಳ ಮುಖದಲ್ಲಿ ಕಂಡುದನ್ನೂ ಅವರ ಮನೆಯ ಜಗಲಿಯಲ್ಲಿ ಕುಳಿತು ಕೇಳಿದುದನ್ನೂ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಸೇವಾಸಂಘವೆಂಬ ಹೆಸರು ಹೊಸತು. 1905ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ರೋಟರಿಯನ್ನು ಆರಂಭಿಸಿದರು. 1917ರಲ್ಲಿ ಲಯನ್ಸ್ ಹುಟ್ಟಿತು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆಂದೇ ರೋಟರಿಯವರು 1962ರಲ್ಲಿ ಇಂಟರಾಕ್ಟ್ ಕೂಟಗಳನ್ನು ಕಟ್ಟಿದರು. ನಮ್ಮ ದೇಶದಲ್ಲಿ ಗಾಂಧೀ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಅಂದಿನ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. 'ನನಗಲ್ಲ, ನಿನಗೆ' ಎಂಬುದು ಅದರ ಧ್ಯೇಯ.

ಹೆಸರು ಹೊಸತಾದರೂ ಕೆಲಸ ನಮಗೆ ಹೊಸತಲ್ಲ. ಕಾಸರಗೋಡು ಮತ್ತು ಪುತ್ತೂರು ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳಾಗಿದ್ದ ಕಾಲದಲ್ಲಿ, ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಕೂಟವನ್ನು ನಡೆಸಿದರು. ಹಾಡು, ಕುಣಿತ, ಬಣ್ಣ, ಗಿಡಮರ ಇವೆಲ್ಲವೂ ವಿದ್ಯೆಯೇ ಎಂದು ತೋರಿಸಿಕೊಟ್ಟರು. ಇತ್ತ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಹೇಳಿದರು, ತೋಟದಲ್ಲಿ ದುಡಿದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಊರಿನ ಕೆಲಸವನ್ನೂ ಹೊತ್ತರು. ತಮ್ಮ ಆತ್ಮಕಥೆಗೆ ಅವರು 'ದುಡಿತವೆ ನನ್ನ ದೇವರು' ಎಂದು ಹೆಸರಿಟ್ಟರು. ಇಂಥವರ ನಾಡಿನಲ್ಲಿ ಸೇವೆಯ ಅರ್ಥವನ್ನು ಬೇರೆಡೆಯಿಂದ ತರಬೇಕಾಗಿಲ್ಲ.

ಸೇವಾಸಂಘಗಳು ಪುಸ್ತಕ ಹಂಚುತ್ತವೆ, ಕೊಡೆ ಹಂಚುತ್ತವೆ, ಕಣ್ಣಿನ ತಪಾಸಣೆ ನಡೆಸುತ್ತವೆ. ಇವು ಬೇಕಾದ ಕೆಲಸಗಳೇ. ಆದರೆ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇವುಗಳಿಗಿಂತ ಅಗತ್ಯವಾದುವು ಎರಡುಂಟು: ಅವರ ಊರನ್ನು ಅವರಿಗೆ ತೋರಿಸುವುದು, ಮುಂದಿನ ದಾರಿಯನ್ನು ತೋರಿಸುವುದು.

ಮೊದಲನೆಯದನ್ನು ನೋಡೋಣ. ವರ್ಷಕ್ಕೊಮ್ಮೆ ಶಾಲೆಯಿಂದ ಪ್ರವಾಸ ಹೊರಡುತ್ತದೆ. ಮೈಸೂರಿಗೋ ಊಟಿಗೋ ಹೋಗುತ್ತದೆ. ಹಣವಿದ್ದವರ ಮಕ್ಕಳು ಹೋಗುತ್ತಾರೆ. ಇಲ್ಲದವರ ಮಕ್ಕಳು ಆ ದಿನ ಮನೆಯಲ್ಲಿ ಅಡಕೆ ಸುಲಿಯುತ್ತಾರೆ. ಮೈಸೂರಿನ ಅರಮನೆಯನ್ನು ವರ್ಣಿಸಿ ಪ್ರಬಂಧ ಬರೆಯುವ ಹುಡುಗನಿಗೆ ತನ್ನ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜ ಕೊರೆದ ಸುರಂಗ ಒಂದು ಅದ್ಭುತವೆಂದು ತೋಚುವುದೇ ಇಲ್ಲ. ಬಾಯಾರು, ಎಣ್ಮಕಜೆಗಳ ಕಡೆ ಮುರಕಲ್ಲಿನ ಗುಡ್ಡದೊಳಕ್ಕೆ ಒಬ್ಬನೇ ಆಳು ನುಸುಳುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆದು, ಕಲ್ಲಿನ ಒಸರನ್ನು ಹಿಡಿದು, ಯಂತ್ರವಿಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಿದವರು ನಮ್ಮ ಹಿರಿಯರು. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಯಾವುದು?

ಆದುದರಿಂದ ಸಂಘದವರು ತಿಂಗಳಿಗೊಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಊರೊಳಗೇ ಹೊರಡಲಿ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಬಸ್ಸಿನ ಚಿಲ್ಲರೆಯಷ್ಟೇ ಖರ್ಚು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಗಿಳಿವಿಂಡು ಇದೆ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಈ ಕಡಲ ಕರೆಯ ಮನೆಯಲ್ಲಿ ಕುಳಿತು ಹತ್ತಾರು ಭಾಷೆಗಳನ್ನು ಕಲಿತ ವಿದ್ವಾಂಸರನ್ನು. ಬೇಕಲದ ಕೋಟೆಯ ಮೇಲೆ ನಿಂತಾಗ, ಅದು ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯೆಂದು ಹೇಳಿ, ಇತಿಹಾಸದ ಪುಸ್ತಕವನ್ನು ಅಲ್ಲಿಯೇ ತೆರೆಯಬಹುದು. ಕುಂಬಳೆಯಲ್ಲಿ ನಿಂತು, ಯಕ್ಷಗಾನದ ಪಿತಾಮಹನೆಂದು ಹೆಸರಾದ ಪಾರ್ತಿಸುಬ್ಬನ ಊರಿದು ಎನ್ನಬಹುದು. ಕುಡ್ಲಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರ ಇಂದು ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾಲಯವಾಗಿದೆ. 1932ರಲ್ಲಿ ನೀಲೇಶ್ವರದ ಕೇಂದ್ರದಲ್ಲಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿ ಹೊಸ ತಳಿಯನ್ನು ಪಡೆದರು. ತೆಂಗಿನ ಕಟ್ಟೆಗೆ ನೀರು ಹೊಯ್ಯುವ ಹುಡುಗಿಗೆ ಈ ಸಂಗತಿ ತಿಳಿದರೆ, ಅವಳ ಕಣ್ಣಿಗೆ ಆ ಮರವೇ ಬೇರೆಯಾಗಿ ಕಾಣುವುದು.

ಊರನ್ನು ಕಾಣುವುದೆಂದರೆ ಅದರ ಚೆಲುವನ್ನು ಮಾತ್ರ ಕಾಣುವುದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಮೇಲಣ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮನೆಮನೆಗಳಲ್ಲಿ ಕಾಯಿಲೆಗಳು ಹೆಚ್ಚಾಗಿರುವುದನ್ನು ಮೊದಲು ಗಮನಿಸಿ ಬರೆದವರು ಹೊರಗಿನ ಪಂಡಿತರಲ್ಲ. ವಾಣಿನಗರದಲ್ಲಿ ಚಿಕಿತ್ಸೆ ನೀಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು, ಇಲ್ಲಿಯವರೇ ಆದ ಪತ್ರಕರ್ತ ಶ್ರೀಪಡ್ರೆಯವರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದನ್ನು ತಡೆಯುವವರೆಗೆ ಆ ದನಿ ಬೆಳೆಯಿತು. ತನ್ನ ಊರನ್ನು ಬಲ್ಲವನಿಗೇ ಊರಿನ ನೋವು ಮೊದಲು ತಿಳಿಯುತ್ತದೆ. ಆ ಮನೆಗಳಿಗೆ ಮಕ್ಕಳನ್ನು ನೋಟಕರಂತೆ ಕರೆದೊಯ್ಯಬಾರದು; ನೆರೆಯವರಂತೆ, ಕೈಲಾಗುವ ಒಂದು ಕೆಲಸವನ್ನು ಹೊತ್ತು ಹೋಗಬೇಕು.

ಇನ್ನು ಎರಡನೆಯ ವಿಷಯ. ನಮ್ಮದು ಸಪ್ತಭಾಷಾ ಸಂಗಮಭೂಮಿಯೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಸಂಗಮದಲ್ಲಿ ಈಜುವವರು ನಮ್ಮ ಮಕ್ಕಳು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಹತ್ತನೆಯ ತರಗತಿ ದಾಟಿದೊಡನೆ ಪುಸ್ತಕ ಬಹುಮಟ್ಟಿಗೆ ಇಂಗ್ಲಿಷ್. ಮಳೆಗಾಲದ ಕಾಲುಸಂಕವನ್ನು ದಾಟುವ ಮಗುವಿಗೆ ಹಿಡಿಯಲೊಂದು ಕೈ ಬೇಕಾಗುವಂತೆ ಇಲ್ಲಿಯೂ ಒಂದು ಕೈ ಬೇಕು.

ಒಂದು ಉದಾಹರಣೆ ಹೇಳುತ್ತೇನೆ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ಚೆನ್ನಾಗಿ ವಿವರಿಸಬಲ್ಲ ಹುಡುಗಿ ಹನ್ನೊಂದನೆಯ ತರಗತಿಯಲ್ಲಿ 'ಫೋಟೋಸಿಂಥೆಸಿಸ್' ಎಂಬ ಮಾತನ್ನು ಕೇಳಿ ತಲೆ ತಗ್ಗಿಸುತ್ತಾಳೆ. ಅವಳಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಎರಡು ತಿಂಗಳಲ್ಲಿ ನೀಗಬಹುದಾದ ಕೊರತೆಯಿದು. ಆದರೆ ನೀಗಿಸುವವರಿಲ್ಲದೆ ಅವಳು ತಾನು ದಡ್ಡಿಯೆಂದು ನಂಬುತ್ತಾಳೆ. ಅವಳ ತಂದೆ ಕನ್ನಡ ಶಾಲೆಗೆ ಕಳುಹಿಸಿದ್ದೇ ತಪ್ಪಾಯಿತೆಂದು ನಂಬುತ್ತಾನೆ. ನೆರೆಮನೆಯವರು ತಮ್ಮ ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸುತ್ತಾರೆ. ನಮ್ಮ ಬೆಂಚುಗಳು ಬರಿದಾಗುವುದು ಹೀಗೆ. "ಕನ್ನಡ ಕಲಿತು ಮುಂದೇನು ಮಾಷ್ಟ್ರೇ?" ಎಂದು ಕೇಳುವ ತಂದೆಗೆ ಭಾಷಾಭಿಮಾನದ ಭಾಷಣ ಉತ್ತರವಾಗದು. ಅವನ ಮಗಳು ಹನ್ನೆರಡನೆಯ ತರಗತಿಯನ್ನು ತಲೆಯೆತ್ತಿ ಮುಗಿಸಿದರೆ ಅದೇ ಉತ್ತರ.

ಹಕ್ಕುಗಳು ಇಲ್ಲವೆಂದಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350-ಎ ವಿಧಿ ಸೇರಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ವಿಧಿಸಿತು. ಕನ್ನಡ, ಮಲಯಾಳ ಎರಡನ್ನೂ ಬಲ್ಲವರಿಗೆಂದೇ ಕೇರಳ ಲೋಕಸೇವಾ ಆಯೋಗ ನಮ್ಮ ಜಿಲ್ಲೆಯಲ್ಲಿ ಹುದ್ದೆಗಳಿಗೆ ಅರ್ಜಿ ಕರೆಯುವುದುಂಟು. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ; ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಕಾಲೇಜಿದೆ; ಪೆರಿಯದಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಆದರೆ ಗುಡ್ಡದಾಚೆಯ ಮನೆಗೆ ಈ ಸಮಾಚಾರ ಮುಟ್ಟುವುದಿಲ್ಲ; ಮುಟ್ಟಿದರೂ ಅರ್ಜಿ ತುಂಬುವ ಧೈರ್ಯವಿರುವುದಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟೇ. ಸಂಘದ ಸದಸ್ಯರು ಒಬ್ಬೊಬ್ಬರೂ ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯವರೆಗೆ ತಮ್ಮವರೆಂದು ವಹಿಸಿಕೊಳ್ಳಲಿ. ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ಹೆತ್ತವರೊಡನೆ ಮಾತಾಡಲಿ. ಹತ್ತನೆಯ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ, ಔಷಧದಂಗಡಿಯವರು, ಬ್ಯಾಂಕಿನವರು, ಇಂಜಿನಿಯರರು, ನಿವೃತ್ತ ಉಪಾಧ್ಯಾಯರು ಸರದಿಯಂತೆ ಕುಳಿತು ವಿಜ್ಞಾನ, ಗಣಿತ, ವಾಣಿಜ್ಯಗಳ ಕನ್ನಡ ಪದಗಳಿಗೆ ಇಂಗ್ಲಿಷ್ ಪದಗಳನ್ನು ಜೋಡಿಸಿ ಕಲಿಸಲಿ. ಹನ್ನೊಂದನೆಯ ತರಗತಿಗೆ ಅರ್ಜಿ ಹಾಕುವ ದಿನ ಪಕ್ಕದಲ್ಲಿ ಕುಳಿತು ಯಾವ ಶಾಲೆ, ಯಾವ ವಿಭಾಗವನ್ನು ಮೊದಲು ಬರೆಯಬೇಕೆಂದು ವಿಚಾರಿಸಲಿ. ಮಲಯಾಳವನ್ನು ಓದಿ ಬರೆಯಲು ಕಲಿಸುವುದನ್ನೂ ಮರೆಯದಿರಲಿ. ನೆರೆಯ ಭಾಷೆಯನ್ನು ಕಲಿಯುವುದರಿಂದ ನಮ್ಮ ಭಾಷೆಗೆ ಕುಂದಿಲ್ಲ. ಗೋವಿಂದ ಪೈಗಳ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಕೆಲಸಕ್ಕೆ ಹಣಕ್ಕಿಂತ ಹೊತ್ತು ಹೆಚ್ಚು ಬೇಕು. ಕೊಡೆ ಹಂಚಿದ ದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ; ಒಂದು ಮಗುವನ್ನು ನಾಲ್ಕು ವರ್ಷ ಕೈಹಿಡಿದು ನಡೆಸಿದವನ ಚಿತ್ರ ಎಲ್ಲಿಯೂ ಬರುವುದಿಲ್ಲ. ಬರದಿದ್ದರೆ ಚಿಂತೆಯಿಲ್ಲ. ಆ ಮಗು ನಾಳೆ ಇನ್ನಿಬ್ಬರ ಕೈಹಿಡಿದರೆ ಸಾಕು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಮುಂದಿನ ಸಂಚಾರಕ್ಕೆ ಹೊರಡುವಾಗ ಒಂದು ಟಿಪ್ಪಣಿ ಪುಸ್ತಕವನ್ನು ಒಯ್ಯಿರಿ. ಕಂಡುದನ್ನು ಕನ್ನಡದಲ್ಲಿ ಬರೆಯಿರಿ. ಮನೆಗೆ ಬಂದು ಅಜ್ಜ, ಅಜ್ಜಿಯರಿಗೆ ಓದಿ ಹೇಳಿರಿ. ಅವರು ನಿಮ್ಮ ತಪ್ಪನ್ನು ತಿದ್ದುವರು, ಪುಸ್ತಕದಲ್ಲಿಲ್ಲದ ಹತ್ತು ಸಂಗತಿಗಳನ್ನೂ ಹೇಳುವರು. ಅವನ್ನೂ ಬರೆದಿಡಿರಿ.

 ಬರುವ ಶನಿವಾರದಿಂದಲೇ ಈ ಕೆಲಸ ಆರಂಭವಾಗಲಿ ಎಂದು ಹಾರೈಸಿ ವಿರಮಿಸುತ್ತೇನೆ.